ಅಪ್ಪನ ಮಾತಿನ ಕೆಳಗೆ

ಪರದೆಯ ಮೇಲೆ ಅಪ್ಪ ಬಾಯಿ ತೆರೆಯುವ ಮೊದಲೇ ಅವನ ಗದ್ದದ ಕೆಳಗೆ ಬಿಳಿ ಅಕ್ಷರಗಳು ಬಂದು ಕೂತವು. ಅಪ್ಪನ ಮೇಲೆ ತಾನೇ ತೆಗೆದ ಕಿರುಚಿತ್ರದ ಪ್ರತಿ ಪರೀಕ್ಷಿಸಲು ಬಂದು, ಖಾಲಿ ಥಿಯೇಟರಿನ ಏಳನೆಯ ಸಾಲಿನಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದ ಮಿರೆಯ್‌ಗೆ ಅದು ಹಿಂದಿನ ಚಿತ್ರದ್ದೇ ಏನೋ ಉಳಿದುಕೊಂಡಿದೆ ಅನ್ನಿಸಿತು. ಹಿಂದಿನದು ಆಲ್ಬರ್ಟಾ ಕಡೆಯ ಹುಡುಗನೊಬ್ಬನ ಇಂಗ್ಲಿಷ್ ಚಿತ್ರ. ಮಾಂಟ್ರಿಯಲ್ಲಿನ ಜನಕ್ಕೆ ಅದರ ಕೆಳಗೆ ಫ್ರೆಂಚ್ ಅಕ್ಷರ ಬೇಕು, ಒಪ್ಪುವ ಮಾತು. ಆದರೆ ಅಪ್ಪ ಆಡುತ್ತಿದ್ದುದು ಫ್ರೆಂಚು. ಅವನ ಅಪ್ಪ, ಆ ಅಪ್ಪನ ಅಪ್ಪ ಹತ್ತು ತಾಸು ದೂರದ ಪೂರ್ವದ ಕಡಲದಂಡೆಯಲ್ಲಿ ಆಡಿಕೊಂಡು ಬಂದ ಫ್ರೆಂಚು. ಫ್ರೆಂಚಿನ ಕೆಳಗೆ ಫ್ರೆಂಚನ್ನೇ ಅಂಟಿಸಿದ್ದರು. ಅಪ್ಪ ಹೆರಿಂಗ್ ಮೀನು ಪೋಣಿಸಿದ ಕೋಲನ್ನು, ಮೀನಿಗೆ ಹೊಗೆ ಹಾಕಿ ಒಣಗಿಸುವ ಹೊಗೆಮನೆಯ ಜಂತಿಗೆ ಏರಿಸುತ್ತ, "ಹೊಗಿ ಅಂದ್ರ ಹಟದ ಕೂಸಿದ್ದಂಗ. ರಮಿಸಬೇಕು. ಬಡದ್ರ ಸಿಟ್ಟಿಗೆದ್ದು ಮೀನ ಎಲ್ಲಾ ಕರ್ರಗ ಮಾಡಿ ಇಡತೈತಿ," ಅಂದ. ಕೆಳಗೆ ಬಂದದ್ದು: ಹೊಗೆಯ ಪ್ರಮಾಣವನ್ನು ನಿಯಂತ್ರಿಸುವುದು ಮುಖ್ಯ. ಅಷ್ಟೇ. ಕೂಸೂ ಇಲ್ಲ, ಹಟವೂ ಇಲ್ಲ, ಸಿಟ್ಟೂ ಇಲ್ಲ. ಅವಳ ಮೈ ಉರಿದುಹೋಯಿತು. ಬೆಳಗಿನ ಒಂಬತ್ತೂವರೆಗೆ, ಕಾಫಿ ಕೂಡ ಕುಡಿಯದ ಹೊಟ್ಟೆಯಲ್ಲಿ, ಆ ಸಿಟ್ಟು ಹೋಗಿ ಕೂರಲು ಜಾಗವೇ ಇಲ್ಲದೆ ಅವಳನ್ನು ಕುರ್ಚಿಯಿಂದ ಎಬ್ಬಿಸಿತು.

ಮೋದ್ ಮೆಟ್ಟಿಲ ಬದಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಿತ್ರೋತ್ಸವಕ್ಕೆ ಕಿರುಚಿತ್ರ ಆರಿಸುವವಳು ಅವಳೇ, ಮಧ್ಯಾಹ್ನ ಎರಡರ ಪ್ರದರ್ಶನ ನಡೆಸಿಕೊಡುವವಳೂ ಅವಳೇ. ಒಳ್ಳೆಯ ಹುಡುಗಿ. ಅದೇ ಕಷ್ಟ, ಕೆಟ್ಟವಳಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

"ಯಾರು ಹಾಕಿದ್ದು ಇದನ್ನ?"

"ಏನನ್ನ?"

"ಈ ಸಬ್‌ಟೈಟಲ್ಲನ್ನ. ನಮ್ಮಪ್ಪ ಮಾತಾಡ್ತಿರೋದು ಫ್ರೆಂಚು, ಮೋದ್. ನೀನು ಆಡೋ ಫ್ರೆಂಚೇ."

"ಅಯ್ಯೋ, ಅದು ಗೊತ್ತು ಕಣೆ. ಅವರ ಮಾತು ಅಂದ್ರೆ ನಂಗೆ ಪ್ರಾಣ. ಒಳ್ಳೆ ಹಾಡಿನ ಥರ ಇದೆ," ಅಂದಳು ಮೋದ್. "ಆದ್ರೆ ನಿಜ ಹೇಳ್ಲಾ? ಮೂರರಲ್ಲೊಂದು ಮಾತು ಕೈಗೆ ಸಿಗೋದೇ ಇಲ್ಲ. ಆ ಹಳೇ ಮಾತುಗಳು, ಮಧ್ಯೆ ಮಧ್ಯೆ ಇಂಗ್ಲಿಷು. ಜನ ಅರ್ಥ ಆಗ್ದೆ ಎದ್ದು ಹೋಗೋ ಬದಲು..."

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ವಲ್ಲ." ಮೋದ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. "ಅಕ್ಟೋಬರಿನಲ್ಲಿ ಫಾರಂ ತುಂಬಿದೀಯ. ಸಬ್‌ಟೈಟಲ್ ಉಂಟಾ ಅಂತ ಕೇಳಿದೀವಿ, ಉಂಟು ಅಂತ ಬರೆದಿದೀಯ. ಫೈಲೂ ನೀನೇ ಕಳಿಸಿದ್ದು. ಅದರಲ್ಲಿ ನಾವು ಒಂದಕ್ಷರ ಮುಟ್ಟಿಲ್ಲ."

ಫೈಲಿನ ಹೆಸರು ಪರದೆಯ ಮೇಲಿತ್ತು: ಆಲ್ಫೆ, ತಿದ್ದಿದ ಪ್ರತಿ. ಆಲ್ಫೆ ಅಂದರೆ ಅಪ್ಪ. ತಿದ್ದಿದವಳು ಮಗಳು. ಮಿರೆಯ್ ಅದನ್ನು ಮೂರು ಸಲ ಓದಿದಳು, ಮೂರನೆಯ ಸಲಕ್ಕೂ ಅದು ಬದಲಾಗಲಿಲ್ಲ. ಹೋದ ವರ್ಷ ಎಡಿಟಿಂಗ್ ಮಾಡುವಾಗ ಈ ಊರಿನ ಎಡಿಟರ್ ಹುಡುಗ, ನಿಮ್ಮಪ್ಪ ಎಲ್ಲಿ ಮಾತು ಮುಗಿಸ್ತಾರೆ ಅಂತಾನೇ ಗೊತ್ತಾಗಲ್ಲ, ಎಲ್ಲಿ ಕತ್ತರಿಸ್ಲಿ ಅಂತ ಕೇಳಿದ್ದ. ಅವನಿಗೋಸ್ಕರ ಒಂದು ವಾರ ಕೂತು ಅಪ್ಪನ ಮಾತನ್ನೆಲ್ಲ ಶಾಲೆಯ ಫ್ರೆಂಚಿಗೆ ಇಳಿಸಿ ಬರೆದಿದ್ದಳು. ಇಳಿಸಿ ಅಂತ ಈಗ ಅನ್ನುತ್ತಿದ್ದಾಳೆ; ಆಗ ಏರಿಸುತ್ತಿದ್ದೇನೆ ಅಂದುಕೊಂಡಿದ್ದಳೋ ಏನೋ. ಒಂದೊಂದು ಮಾತನ್ನೂ ಒರೆಸಿ ನೆಟ್ಟಗೆ ಮಾಡಿ ಇಡುವಾಗ ಒಳಗೊಳಗೇ ಸುಖವಾಗಿತ್ತು. ಸುಖವೇ ಆಗಿತ್ತು, ಸುಳ್ಳು ಯಾಕೆ. ಊರಿನ ಶಾಲೆಯಲ್ಲಿ ಕೆಂಪು ಶಾಯಿ ಹಿಡಿದು ಕೂರುತ್ತಿದ್ದ ಮೇಡಂ ಮುಖದ ಮೇಲಿನ ಸುಖ. ಆಮೇಲೆ ಅದೇ ಫೈಲನ್ನು ಉತ್ಸವಕ್ಕೂ ಲಗತ್ತಿಸಿದ್ದಳು, ಇರಲಿ, ಬೇಕಾಗಬಹುದು ಅಂತ. ಈ ಇರಲಿ ಅನ್ನುವ ಮಾತಿನಿಂದಲೇ ಅವಳ ಬದುಕಿನಲ್ಲಿ ಅರ್ಧ ಅನಾಹುತ ಆಗಿರುವುದು.

"ತೆಗೀಬಹುದಾ?" ಅಂದಳು.

"ಈ ಪ್ರತಿಯಿಂದ ಆಗಲ್ಲ, ಚಿತ್ರದೊಳಗೇ ಸೇರಿಹೋಗಿದೆ. ಸಬ್‌ಟೈಟಲ್ ಇಲ್ಲದ ಪ್ರತಿ ಇದ್ರೆ ತಂದುಕೊಡು. ಹನ್ನೆರಡೂವರೆ ಒಳಗೆ. ಆಮೇಲೆ ಯಂತ್ರಕ್ಕೆ ಏರಿಸೋಕೆ ಟೈಮ್ ಆಗಲ್ಲ." ಮೋದ್ ದನಿ ತಗ್ಗಿಸಿದಳು. "ಆದ್ರೆ ಯೋಚನೆ ಮಾಡು ಮಿರೆಯ್. ತೀರ್ಪುಗಾರರಲ್ಲಿ ಒಬ್ಬರು ಪ್ಯಾರಿಸ್ಸಿಂದ ಬಂದಿದಾರೆ. ಗೆದ್ದೋರಿಗೆ ದೊಡ್ಡ ಚಿತ್ರ ಮಾಡೋ ಅವಕಾಶ. ಅವರಿಗೆ ಮಾತೇ ತಿಳೀದೆ ಹೋದ್ರೆ ನಿಂಗೇ ಲುಕ್ಸಾನು."

ತಂದುಕೊಡ್ತೀನಿ ಅಂದು ಮಿರೆಯ್ ಹೊರಗೆ ಬಂದಳು. ಮಾರ್ಚ್ ತಿಂಗಳ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಪಾದಚಾರಿ ಮಾರ್ಗದ ತುಂಬ ಕೊಳಕು ಗಾಜಿನ ಹಾಗೆ ಹರಡಿಕೊಂಡಿತ್ತು. ಕುತ್ತಿಗೆಯಲ್ಲಿ ಉತ್ಸವದವರು ಕೊಟ್ಟ ಬಿಲ್ಲೆ ನೇತಾಡುತ್ತಿತ್ತು: ಮಿರೆಯ್ ವೋತೂರ್, ಉದಯೋನ್ಮುಖ ನಿರ್ದೇಶಕಿ. ಮೂವತ್ನಾಲ್ಕು ವಯಸ್ಸು. ಒಂಬತ್ತು ವರ್ಷದಿಂದ ಉದಯಿಸುತ್ತಲೇ ಇದ್ದಾಳೆ. ನಾಲ್ಕು ಕಿರುಚಿತ್ರ, ನಾಲ್ಕಕ್ಕೂ ಇದೇ ಬಿಲ್ಲೆ. ಸೂರ್ಯ ಇಷ್ಟು ಹೊತ್ತು ತೆಗೆದುಕೊಂಡಿದ್ದರೆ ಜನ ಮರೆತು ಮಲಗಿಬಿಡುತ್ತಿದ್ದರು. ಅವಳು ಬಿಲ್ಲೆಯನ್ನು ಕೋಟಿನ ಒಳಗೆ ತುರುಕಿಕೊಂಡು ನಡೆದಳು. ತಿರುವಿನಲ್ಲಿ ಆ ಬೇಕರಿ ಬಂತು. ಹದಿನಾಲ್ಕು ವರ್ಷದಲ್ಲಿ ಅದು ಮೂರು ಸಲ ಬಣ್ಣ ಬದಲಿಸಿದೆ, ಆದರೂ ಅದರ ಮುಂದೆ ಹಾಯುವಾಗ ಅವಳ ಕಿವಿ ಬಿಸಿಯಾಗುವುದು ನಿಂತಿಲ್ಲ. ಊರಿಂದ ಬಂದ ಹೊಸತು, ಇಪ್ಪತ್ತು ವರ್ಷ. ಒಂದು ಬ್ರೆಡ್ಡು ಕೊಡ್ರಿ, ಕರ್ರಗ ಬೆಂದದ್ದು, ಅಂತ ಮನೆಯಲ್ಲಿ ಕೇಳುವ ಹಾಗೆ ಕೇಳಿದ್ದಳು. ಗಲ್ಲಾಪೆಟ್ಟಿಗೆಯ ಹಿಂದಿನ ಹುಡುಗಿ ಒಂದು ಗಳಿಗೆ ಅವಳ ಬಾಯನ್ನೇ ನೋಡಿ, ನಗುತ್ತ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದಳು. ಬಹಳ ವಿನಯದಿಂದ. ನೀನು ನಮ್ಮವಳಲ್ಲ, ಪರವಾಗಿಲ್ಲ, ನಿನಗೆ ಸುಲಭವಾಗುವ ಹಾಗೆ ಮಾತಾಡುತ್ತೇನೆ ಅನ್ನುವ ವಿನಯ. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ಕೆನ್ನೆಗೆ ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಅವಳು ಥ್ಯಾಂಕ್ಯೂ ಅಂದು ಬ್ರೆಡ್ಡು ತೆಗೆದುಕೊಂಡು ಬಂದು ಕೋಣೆಯ ಬಚ್ಚಲಲ್ಲಿ ಕನ್ನಡಿಯ ಮುಂದೆ ನಿಂತು ಬಾಯಿ ತಿರುವಿ ತಿರುವಿ ಕಲಿತಳು. ನಾಲ್ಕು ತಿಂಗಳು ಸಾಕಾಯಿತು. ಈಗ ಯಾವ ಬೇಕರಿಯವಳೂ ಅವಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದಿಲ್ಲ.

ಅಪ್ಪನ ಮಾತನ್ನು ಬರೆಯುವಾಗ ಎಲ್ಲವನ್ನೂ ತಿದ್ದಿದ್ದಳು, ಒಂದನ್ನು ಬಿಟ್ಟು. ಚಿತ್ರದ ಒಂಬತ್ತನೆಯ ನಿಮಿಷದಲ್ಲಿ ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತು, ಅಂಗಿಯ ತೋಳು ಮೂಸಿ ನೋಡಿ ಹೇಳುತ್ತಾನೆ: "ನಮ್ಮಾಕಿ ಇದ್ದಿದ್ರ ಬಾಗಲದಾಗ ನಿಂದರಿಸಿ ಅಂಗಿ ಬಿಚ್ಚಸ್ತಿದ್ಲು. ಈಗ ಬೈಯಾವ್ರಿಲ್ಲ. ಹೊಗಿ ಸೀದಾ ಹಾಸಿಗಿಗೆ ಬಂದು ಮಲಗತೈತಿ." ಅದನ್ನು ಅವಳು ಐದಾರು ಬಗೆಯಲ್ಲಿ ಬರೆದು ನೋಡಿದ್ದಳು. ನಮ್ಮಾಕಿ ಅನ್ನುವುದನ್ನು ನನ್ನ ಪತ್ನಿ ಅಂತ ಮಾಡಿದಳು, ಅಳಿಸಿದಳು. ದಿವಂಗತ ಪತ್ನಿ ಅಂತ ಮಾಡಿದಳು, ಅದನ್ನೂ ಅಳಿಸಿದಳು. ಹೇಗೆ ಬರೆದರೂ ಅದು ಅಂಗಡಿಯಲ್ಲಿ ಮಾರುವ ಸಂತಾಪದ ಕಾರ್ಡಿನ ಮಾತಾಗುತ್ತಿತ್ತು. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗಿದ್ದಳು, ಆಮೇಲೆ ನೋಡೋಣ ಅಂತ. ಅಮ್ಮ ಸತ್ತಾಗಲೂ ಅವಳು ಬೇರೆ ಯಾರದೋ ಚಿತ್ರದ ಕೆಲಸ ಮುಗಿಸಿ ಹೊರಟು, ಮಣ್ಣಿಗೆ ಹೋಗಲಾಗದೆ ಮಾರನೆಯ ದಿನ ಊರು ಮುಟ್ಟಿದ್ದಳು. ಅಪ್ಪ ಬೈಯದೆ ಊಟಕ್ಕಿಟ್ಟಿದ್ದ.

ಮೂರನೆಯ ಮಹಡಿಯ ಕೋಣೆ ತಲುಪಿ ಮೇಜಿನ ಖಾನೆ ಎಳೆದಳು. ಸಬ್‌ಟೈಟಲ್ ಇಲ್ಲದ ಪ್ರತಿಯ ಡಿಸ್ಕು ಅಲ್ಲೇ ಇತ್ತು, ಅಂಗೈಯಗಲದ ಕಪ್ಪು ಡಬ್ಬಿ. ಕೋಟಿನ ಬಲಜೇಬಿಗೆ ಹಾಕಿಕೊಂಡಳು. ಹನ್ನೊಂದಾಗಲು ಐದು ನಿಮಿಷವಿತ್ತು. ಥಿಯೇಟರಿಗೆ ಹೋಗಲು ಇಪ್ಪತ್ತು ನಿಮಿಷ. ಈಗಲೇ ಹೊರಟರೆ ಆಯಿತು ಅಂದುಕೊಳ್ಳುತ್ತಿರುವಾಗಲೇ ಕೆಳಗೆ ಬೀದಿಯಲ್ಲಿ ಪರಿಚಯದ ಹಾರ್ನು ಕೇಳಿಸಿತು, ಎರಡು ಗಿಡ್ಡ ಒಂದು ಉದ್ದ. ಊರಿನ ಜನ ಯಾರ ಮನೆ ಮುಂದೆ ಗಾಡಿ ನಿಲ್ಲಿಸಿದರೂ ಹೊಡೆಯುವ ಹಾರ್ನು. ಈ ಬೀದಿಯಲ್ಲಿ ಯಾರೋ ಕಿಟಕಿ ತೆಗೆದು ಬೈದರು. ಅಪ್ಪ ಬಂದಿದ್ದ.

ಅಮ್ಮನ ಮಣ್ಣಿನ ದಿನ ಹಾಕಿದ್ದ ಕರಿ ಕೋಟನ್ನೇ ಹಾಕಿಕೊಂಡು ಬಂದಿದ್ದ ಆಲ್ಫೆ. ಅರವತ್ತೆಂಟು ವಯಸ್ಸು, ಹತ್ತು ತಾಸು ಒಬ್ಬನೇ ಟ್ರಕ್ಕು ಓಡಿಸಿಕೊಂಡು ಬಂದಿದ್ದ. ಒಂದು ಕೈಯಲ್ಲಿ ಸಣ್ಣ ಬ್ಯಾಗು, ಇನ್ನೊಂದರಲ್ಲಿ ಟವೆಲ್ಲು ಸುತ್ತಿದ ಪಾತ್ರೆ. ಕೋಟಿನ ಕೆಳಗಿಂದ, ಎಷ್ಟು ತೊಳೆದರೂ ಹೋಗದ ಹೊಗೆಯ ವಾಸನೆ ಕೋಣೆಯ ತುಂಬ ಹರಡಿತು.

"ಯವ್ವಾ, ಸೊರಗೀಯಲ್ಲ. ಈ ಊರಾಗ ಊಟ ಸಿಗಾಂಗಿಲ್ಲೇನ?"

"ಸಿಗತೈತಿ ಅಪ್ಪಾ. ರೊಕ್ಕ ಕೊಟ್ರ ಎಲ್ಲಾ ಸಿಗತೈತಿ." ಅವಳ ನಾಲಗೆ ತಾನಾಗಿಯೇ ಊರಿಗೆ ಹೋಗಿತ್ತು. ಸ್ವಲ್ಪ ತಡವರಿಸಿಕೊಂಡು, ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆಯುವ ಹಾಗೆ.

ಪಾತ್ರೆಯಲ್ಲಿ ತುರಿದ ಆಲೂಗಡ್ಡೆಯ ಉಂಡೆಗಳಿದ್ದವು, ಒಳಗೆ ಉಪ್ಪು ಹಾಕಿದ ಹಂದಿಮಾಂಸ. ಪಕ್ಕದ ಮನೆಯ ಎಲ್ಮಿರ್ ಚಿಕ್ಕಮ್ಮ ಹಿಂದಿನ ರಾತ್ರಿ ಕೂತು ಬೇಯಿಸಿ ಕೊಟ್ಟಿದ್ದಂತೆ. ಬಿಸಿ ಮಾಡಿ, ಮೇಲೆ ಕಾಕಂಬಿ ಸುರಿದು ಇಬ್ಬರೂ ತಿಂದರು. ಅಪ್ಪ ಅವಳ ಕುತ್ತಿಗೆಯ ಬಿಲ್ಲೆಯನ್ನು ಎಳೆದು ಕಣ್ಣಿನ ಹತ್ತಿರ ಹಿಡಿದು ಓದಿದ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಓದುವಾಗ ತುಟಿ ಅಲ್ಲಾಡುತ್ತದೆ.

"ಉದಯೋನ್ಮುಖ ಅಂದ್ರ ಏನ?"

"ಈಗಿನ್ನ ಮ್ಯಾಲ ಬರಾಕತ್ತಾವರು ಅಂತ."

"ಮೂವತ್ನಾಕ ಆತಲ್ಲ ನಿನಗ. ಇನ್ನ ಎಷ್ಟೊತ್ತು ಬರ್ತಿ?"

ಅವಳಿಗೆ ನಗು ಬಂತು. ಬೆಳಗಿನಿಂದ ಮೊದಲ ಸಲ. ಅಪ್ಪನೂ ನಕ್ಕ. ಆಮೇಲೆ ಬೆರಳಿಗೆ ಅಂಟಿದ ಕಾಕಂಬಿ ನೆಕ್ಕುತ್ತ, ಬೇರೆ ಕಡೆ ನೋಡುತ್ತ ಕೇಳಿದ: "ಅವರಿಗೆ ನನ್ನ ಮಾತು ತಿಳಿತೈತೇನ?"

"ಯಾಕ ತಿಳಿಯಾಂಗಿಲ್ಲ? ಫ್ರೆಂಚ ಅಲ್ಲೇನ ನೀ ಆಡೂದು?"

"ಹೌದ ಬಿಡ. ನಾನೂ ಹಂಗ ಅಂದೆ. ಬಂದರದಾಗ ಎಲ್ಲಾರೂ ಚಾಷ್ಟಿ ಮಾಡಾಕತ್ತಿದ್ರು, ಆಲ್ಫೆ ನೀ ಮಾಂಟ್ರಿಯಲ್ಲಿಗೆ ಹೋದ್ರ ಜೋಡಿ ಒಬ್ಬ ದುಭಾಷಿನ್ನ ಕರಕೊಂಡ ಹೋಗು ಅಂತ. ನಾ ಹೇಳಿದೆ, ಅಲ್ಲಿ ನನ್ನ ಮಗಳ ಅದಾಳ ಅಂತ."

ಜೇಬಿನ ಡಬ್ಬಿ ತೊಡೆಗೆ ಒತ್ತುತ್ತಿತ್ತು. ಹನ್ನೊಂದೂ ಮುಕ್ಕಾಲು. ಈಗ ಎದ್ದು, ಅಪ್ಪಾ ಒಂದು ಗಳಿಗೆ ಇರು, ಒಂದ ಸಾಮಾನ ಕೊಟ್ಟ ಬರ್ತೇನಿ ಅಂದರೆ ಮುಗಿಯಿತು. ಅವಳು ಎದ್ದು ತಟ್ಟೆ ತೊಳೆದಳು. ಸೋಫಾದ ಮೇಲೆ ಅಪ್ಪನಿಗೆ ಹಾಸಿಗೆ ಹಾಸಿದಳು, ಸೋಮವಾರದವರೆಗೂ ಇರುತ್ತೇನೆ ಅಂದಿದ್ದ. ದಿಂಬಿಗೆ ಹೊಸ ಗವಸು ಹಾಕಿದಳು. ಅಕ್ಷರವಿಲ್ಲದೆ ತೋರಿಸಿದರೆ ಏನಾಗುತ್ತದೆ ಅನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಪ್ಯಾರಿಸ್ಸಿನ ಹೆಂಗಸು ಎರಡು ನಿಮಿಷ ಕಿವಿಗೊಟ್ಟು, ಆಮೇಲೆ ಬರೀ ಹೊಗೆ ನೋಡುತ್ತ ಕೂರುತ್ತಾಳೆ. ಛಾಯಾಗ್ರಹಣ ಚೆನ್ನಾಗಿದೆ ಅನ್ನುತ್ತಾಳೆ. ಮುಂದಿನ ವರ್ಷ ಮಿರೆಯ್ ಕುತ್ತಿಗೆಗೆ ಐದನೆಯ ಬಿಲ್ಲೆ. ಅದಕ್ಕಿಂತ, ಅರ್ಥವಾದರೆ ಅಪ್ಪನಿಗೇ ಒಳ್ಳೆಯದಲ್ಲವೇ? ಇಷ್ಟು ದೂರ ಬಂದವನನ್ನು ಜನ ಕೇಳಿಸಿಕೊಳ್ಳದೆ ಕೂತರೆ? ಹೀಗೆ ತನ್ನ ಆಸೆಯನ್ನು ಅಪ್ಪನ ಹೆಸರಿಗೆ ಬರೆದುಕೊಳ್ಳುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು, ಗೊತ್ತಾಗುತ್ತಲೇ ಬರೆದುಕೊಳ್ಳುತ್ತಿದ್ದಳು. ಮೋದ್ ಮೇಲೆ ಸಿಟ್ಟು ಬಂತು. ಎಡಿಟರ್ ಹುಡುಗನ ಮೇಲೆ ಬಂತು. ದುಭಾಷಿ ಅಂತ ಚಾಷ್ಟಿ ಮಾಡಿದ ಬಂದರಿನ ಗಂಡಸರ ಮೇಲೂ ಬಂತು. ದಿಂಬನ್ನು ಅಗತ್ಯಕ್ಕಿಂತ ಜೋರಾಗಿ ಬಡಿದಳು.

ಕೆಳಗಿಳಿದು ಟ್ರಕ್ಕು ಹತ್ತಿದಾಗ ಮುಂದಿನ ಫಲಕದ ಮೇಲಿನ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಅಪ್ಪನ ಟ್ರಕ್ಕು ಊರಿನ ಟೈಮಿನಲ್ಲೇ ಓಡುತ್ತದೆ. ಕಡಲದಂಡೆಯ ಗಡಿಯಾರ ಮಾಂಟ್ರಿಯಲ್ಲಿಗಿಂತ ಒಂದು ತಾಸು ಮುಂದೆ. ಅವಳ ಊರಿನವರು ಎಲ್ಲಿಗೆ ಹೋದರೂ ಕೈಗಡಿಯಾರ ತಿರುಗಿಸುವುದಿಲ್ಲ, ನಾಕ ದಿನಕ್ಕ ಯಾಕ ತಿರುವೂದು ಅನ್ನುತ್ತಾರೆ, ಹೊತ್ತು ಮೀರಿತು ಅಂದುಕೊಂಡು ರೈಲು ನಿಲ್ದಾಣದಿಂದ, ಆಸ್ಪತ್ರೆಯಿಂದ ವಾಪಸು ಬಂದವರ ಕತೆ ಮನೆಗೊಂದು ಸಿಗುತ್ತದೆ. ಅದು ಅವಳಿಗೆ ಗೊತ್ತು. ಹುಟ್ಟಿದಾಗಿನಿಂದ ಗೊತ್ತು. ನಿಜವಾದ ಹೊತ್ತು ಹನ್ನೆರಡೂಕಾಲು. ಟ್ರಕ್ಕಿನಲ್ಲಿ ಐದು ನಿಮಿಷದ ದಾರಿ. ಆದರೂ ಆ ಹಸಿರು ಅಂಕಿಗಳನ್ನು ನೋಡಿದಳು, ಒಂದೂಕಾಲು, ಮತ್ತು ಅವಳೊಳಗಿನ ಏನೋ ಹಗುರಾಗಿ ಕೆಳಗೆ ಕೂತಿತು.

"ತಡಾ ಆತು," ಅಂದಳು ಗಟ್ಟಿಯಾಗಿ.

"ಎದಕ್ಕ?"

"ಏನಿಲ್ಲ. ಸ್ವಲ್ಪ ಊರ ನೋಡಕೋಂತ ಹೋಗೂಣು ನಡಿ."

ಹೊಳೆಯ ಕಡೆ ಒಂದು ಸುತ್ತು ಹಾಕಿಸಿದಳು. ಅಪ್ಪ ಸೇತುವೆಗಳನ್ನು ನೋಡಿ ತಲೆದೂಗಿದ. ಥಿಯೇಟರಿನ ಬಾಗಿಲಲ್ಲಿ ಮೋದ್ ಸಿಕ್ಕಿದಾಗ ಒಂದು ಗಂಟೆ ಹತ್ತು ನಿಮಿಷ, ಮಾಂಟ್ರಿಯಲ್ಲಿನ ಟೈಮಿನಲ್ಲೇ; ಈಗ ನಿಜಕ್ಕೂ ತಡವಾಗಿತ್ತು. ಮೋದ್ ಹುಬ್ಬೇರಿಸಿದಳು. ಮಿರೆಯ್ ಪ್ರತಿ ಸಿಗಲಿಲ್ಲ ಅನ್ನುವ ಹಾಗೆ ತಲೆಯಾಡಿಸಿದಳು, ಕೈ ಜೇಬಿನಲ್ಲಿ ಡಬ್ಬಿಯನ್ನು ಹಿಡಿದುಕೊಂಡೇ ಇತ್ತು. ಮೋದ್ ಅಪ್ಪನ ಕೈ ಕುಲುಕಿ ತನ್ನ ಹೆಸರು ಹೇಳಿದಳು, ಮೋದ್ ಗಾನ್ಯೋನ್.

"ಯಾವ ಗಾನ್ಯೋನ್ ತಂಗಿ? ಯಾರ ಪೈಕಿ ನೀ?" ಅಂತ ಕೇಳಿದ ಆಲ್ಫೆ. ಊರಿನಲ್ಲಿ ಮೊದಲು ಕೇಳುವುದೇ ಅದು. ತಾನು ದೋಸಿತೆಯ ಆಲ್ಫೆ, ಮಗಳು ಆಲ್ಫೆಯ ಮಿರೆಯ್. ಅಪ್ಪನ ಹೆಸರು ಹಿಂದೆ ಇಲ್ಲದೆ ಅಲ್ಲಿ ನಾಯಿಯೂ ಬೀದಿಗೆ ಬರುವುದಿಲ್ಲ.

"ಹೌದು ಹೌದು," ಅಂದಳು ಮೋದ್ ಮುಖವೆಲ್ಲ ನಗೆಯಾಗಿ. "ತುಂಬ ಸಂತೋಷ."

ಅಪ್ಪ ಒಂದು ಗಳಿಗೆ ಉತ್ತರಕ್ಕೆ ಕಾದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಥಿಯೇಟರು ತುಂಬಿತ್ತು. ಏಳು ಚಿತ್ರಗಳಲ್ಲಿ ಇವಳದು ಐದನೆಯದು. ದೀಪ ಆರಿ, ಹೊಗೆಮನೆ ಅನ್ನುವ ಹೆಸರು ಬಂದು, ಮರದ ಬಾಗಿಲು ತೆರೆದು ಅಪ್ಪ ಹೊರಬಂದಾಗ ಪಕ್ಕದಲ್ಲಿದ್ದ ಅಪ್ಪ ಮುಂದಕ್ಕೆ ಬಾಗಿ ಕೂತ. ಅವಳು ಪರದೆ ನೋಡಲಿಲ್ಲ, ಅವನ ತುಟಿ ನೋಡಿದಳು. ತುಟಿ ಅಲ್ಲಾಡತೊಡಗಿತ್ತು. ಓದುತ್ತಿದ್ದ. ತಾನೇ ಆಡಿದ್ದನ್ನು ಕಿವಿಯಲ್ಲಿ ಬಿಟ್ಟು ಕಣ್ಣಿನಿಂದ ಹಿಡಿಯಲು ಹೋಗಿ, ಅಕ್ಷರ ಓಡಿಹೋಗುವ ಮೊದಲು ಅರ್ಧಕ್ಕೆ ಕೂಡ ಮುಟ್ಟಲಾಗದೆ ಮುಂದಿನದಕ್ಕೆ ಹಾರುತ್ತಿದ್ದ. ಇನ್‌ಸ್ಪೆಕ್ಟರನ ಮಾತು ಬಂತು. ಊರಿನಲ್ಲಿ ಅದನ್ನು ಅವನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾನೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮೂಗು ಉಜ್ಜಬೇಕು ಎಲ್ಲ ಪಕ್ಕಾ. "ಇನ್‌ಸ್ಪೆಕ್ಟರ್ ಬಂದು ಇಲ್ಲಿ ಸ್ವಚ್ಛ ಇಲ್ಲ ಅಂದ. ನಾ ಅಂದೆ, ಸಾಹೇಬ್ರ..." ಇಲ್ಲಿ ಅಪ್ಪ ನಿಲ್ಲಿಸಿ ಮೂಗು ಉಜ್ಜುತ್ತಾನೆ. ಅಷ್ಟರಲ್ಲೇ ಥಿಯೇಟರು ನಕ್ಕಿತು. ಕೆಳಗೆ ಪೂರ್ತಿ ಬರೆದಿತ್ತಲ್ಲ, ಮೀನುಗಳು ನಿಮಗಿಂತ ಹೆಚ್ಚು ಸಲ ಸ್ನಾನ ಮಾಡಿವೆ ಅಂತ. ನಗು ಮುಗಿದ ಮೇಲೆ ಪರದೆಯ ಅಪ್ಪ ಆ ಮಾತನ್ನು ಹೇಳಿದ. ಯಾರೂ ನಗಲಿಲ್ಲ. ಅವನು ಹೇಳಿಯಾದ ಮೇಲೆ ಕ್ಯಾಮೆರಾ ಕಡೆ ನೋಡಿ, ನಗುವಿಗೆ ಕಾದು ನಿಂತಿದ್ದ. ಪಕ್ಕದಲ್ಲಿದ್ದ ಅಪ್ಪ ಅವಳ ಕಡೆ ಬಾಗಿದ.

"ನಾ ಹೇಳೂಕಿಂತ ಮೊದ್ಲ ನಕ್ರಲ್ಲ ಇವ್ರು."

"ಶ್," ಅಂದಳು ಮಿರೆಯ್. ಅಪ್ಪನಿಗೆ ಶ್ ಅಂದಳು. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ ಅಂತ.

ಒಂಬತ್ತನೆಯ ನಿಮಿಷ. ಬಾಗಿಲಿಗೆ ಬೆನ್ನು ಕೊಟ್ಟು ಅಪ್ಪ ಅಂಗಿಯ ತೋಳು ಮೂಸಿದ. ನಮ್ಮಾಕಿ ಇದ್ದಿದ್ರ, ಅಂತ ಶುರುಮಾಡಿದ. ಪರದೆಯ ಕೆಳಗೆ ಏನೂ ಬರಲಿಲ್ಲ. ಇಷ್ಟು ಹೊತ್ತು ಅಕ್ಷರ ಓದಿ ಓದಿ ಕಿವಿ ಮುಚ್ಚಿಕೊಂಡಿದ್ದ ಇನ್ನೂರು ಜನಕ್ಕೆ ಅಲ್ಲಿ ಮಾತೇ ಇರಲಿಲ್ಲ; ಮುದುಕನೊಬ್ಬ ಗೊಣಗುತ್ತಿದ್ದ, ಹೊಗೆ ಏಳುತ್ತಿತ್ತು. ಎರಡು ಸಾಲು ಹಿಂದೆ ಯಾರೋ ಫೋನು ತೆಗೆದು ಹೊತ್ತು ನೋಡಿದರು, ಬೆಳಕು ಛಾವಣಿಗೆ ಹೊಡೆಯಿತು. ಎದ್ದು ಆ ಫೋನನ್ನು ಕಿತ್ತುಕೊಂಡು ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಿತು ಅವಳಿಗೆ. ಅಪ್ಪನ ತುಟಿ ನಿಂತಿತ್ತು. ಪರದೆಯ ಕೆಳ ಅಂಚನ್ನೇ ನೋಡುತ್ತಿದ್ದ, ತಡವಾದರೂ ಬಂದೀತು ಅನ್ನುವ ಹಾಗೆ.

ಚಿತ್ರಗಳೆಲ್ಲ ಮುಗಿದ ಮೇಲೆ ಮೋದ್ ನಿರ್ದೇಶಕರನ್ನೆಲ್ಲ ವೇದಿಕೆಗೆ ಕರೆದಳು. ಅಪ್ಪನನ್ನೂ ಕರೆದಳು, ನಮ್ಮ ಇವತ್ತಿನ ತಾರೆ ಅಂತ. ಜನ ಚಪ್ಪಾಳೆ ತಟ್ಟಿದರು. ಟೋಪಿ ಹಿಡಿದುಕೊಂಡು ದೀಪದ ಕೆಳಗೆ ನಿಂತ ಅಪ್ಪ ಅಷ್ಟು ಸಣ್ಣವನು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಹೊಗೆಮನೆಯ ಕೆಲಸ ನಿಂತುಹೋದರೆ ಏನನ್ನಿಸುತ್ತದೆ ಅಂತ ಎರಡನೆಯ ಸಾಲಿನ ಗಡ್ಡದವನೊಬ್ಬ ಕೇಳಿದ.

"ಏನ ಅನಸ್ತೈತಿ," ಅಂದ ಆಲ್ಫೆ. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದಿದ್ದ. "ನಮ್ಮಪ್ಪ ದೋಸಿತೆ ಇದ್ದಾಗ ನಮ್ಮ ದಂಡಿಗೆ ಸಾಲಸಾಲ ಹೊಗಿಮನಿ ಇದ್ದುವು. ಈಗ ಮೂರ ಅದಾವ. ನಿಂತ್ರ ನಿಂತತು, ಏನ ಮಾಡಾಕ ಬರತೈತಿ. ಆದ್ರ ಕೈ ಅದಾವಲ್ಲ, ಇವು ಕೇಳಾಂಗಿಲ್ಲ. ಮುಂಜಾನಿ ಎದ್ದು ಕೋಲ ಹುಡುಕತಾವ."

ಗಡ್ಡದವನು ಮುಗುಳ್ನಗುತ್ತಲೇ ಇದ್ದ. "ಕ್ಷಮಿಸಿ, ಇನ್ನೊಂದ್ಸಲ ಹೇಳ್ತೀರಾ?"

ಅಪ್ಪ ಇನ್ನೊಂದು ಸಲ ಹೇಳಿದ, ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ. ಕೈಗಳನ್ನು ಎತ್ತಿ ತೋರಿಸಿದ ಕೂಡ. ಗಡ್ಡದವನು ಮೋದಳ ಕಡೆ ನೋಡಿದ. ಮೋದ್ ಮೈಕಿಗೆ ಬಾಗಿ, "ಅವರು ಹೇಳ್ತಿರೋದು ಏನಂದ್ರೆ, ಒಂದು ಪರಂಪರೆ ನಶಿಸಿಹೋಗ್ತಿದೆ ಅಂತ," ಅಂದಳು. ಓ, ಅಂದಿತು ಥಿಯೇಟರು ಸಮಾಧಾನದಿಂದ. ಎಲ್ಲೋ ಒಂದು ಹೆಣ್ಣುದನಿ, ಎಷ್ಟು ಮುದ್ದಾಗಿ ಮಾತಾಡ್ತಾರಲ್ವಾ, ಅಂದಿದ್ದು ಸ್ಪಷ್ಟವಾಗಿ ಕೇಳಿಸಿತು. ಅಪ್ಪನಿಗೂ ಕೇಳಿಸಿತು.

ಮಗಳು ಕ್ಯಾಮೆರಾ ಹಿಡಿದು ಎದುರು ನಿಂತಾಗ ಹೇಗನ್ನಿಸಿತು ಅಂತ ಇನ್ನೊಬ್ಬಳು ಕೇಳಿದಳು. ಅಪ್ಪ ಮೆಲ್ಲಗೆ ಹಿಂದಕ್ಕೆ ತಿರುಗಿ ಖಾಲಿ ಪರದೆಯನ್ನು ನೋಡಿದ, ಅದರ ಕೆಳ ಅಂಚನ್ನು. ಅಲ್ಲಿ ಏನೂ ಬರೆದಿರಲಿಲ್ಲ. ಮತ್ತೆ ಜನರ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಹೇಳಿದ: ಚೆನ್ನಾಗಿತ್ತು, ಅವಳು ಒಳ್ಳೆಯ ಹುಡುಗಿ, ನಿಮಗೆಲ್ಲ ತುಂಬ ಥ್ಯಾಂಕ್ಸ್. ಊರಿಗೆ ಹತ್ತಿರದ ಪೇಟೆ ಮಾಂಕ್ಟನ್ನಿನ ಇಂಗ್ಲಿಷ್ ಮಾಲೀಕರ ಹತ್ತಿರ, ತೆರಿಗೆಯವರ ಹತ್ತಿರ, ಟೋಪಿ ಕೈಯಲ್ಲಿ ಹಿಡಿದು ಅವನು ಆಡುತ್ತಿದ್ದ ಇಂಗ್ಲಿಷು. ಫ್ರೆಂಚರ ಮುಂದೆ ಅವನು ಅದನ್ನು ಬಾಯಿಗೆ ತಂದಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇಡೀ ಥಿಯೇಟರಿಗೆ ಒಂದು ಮಾತೂ ಬಿಡದೆ ತಿಳಿಯಿತು. ಅವತ್ತಿನ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಮೈಕು ಅವಳ ಕೈಗೆ ಬಂತು. ಇವರಿಗೆ ಈಗ ಹೇಳುತ್ತೇನೆ ಅಂದುಕೊಂಡಳು. ಅವನು ಪರಂಪರೆ ಅನ್ನಲಿಲ್ಲ, ಕೈ ಅಂದ. ನಿಮ್ಮ ಕಿವಿಗೆ ಏನು ಬಡಿದಿದೆ ಅಂತ, ಊರಿನ ಮಾತಿನಲ್ಲೇ, ಬಂದರಿನ ಹೆಂಗಸರು ತೋಳು ಮಡಚಿ ಸೊಂಟದ ಮೇಲೆ ಕೈಯಿಟ್ಟು ಬೈಯುವ ಹಾಗೆ. ಬಾಯಿ ತೆರೆದಳು. "ನಮ್ಮ ತಂದೆಯವರು ಇಷ್ಟು ದೂರ ಬಂದಿದ್ದಾರೆ, ಉತ್ಸವಕ್ಕೆ ನಾನು ಕೃತಜ್ಞಳು," ಅಂದಿತು ಬಾಯಿ, ಬಚ್ಚಲ ಕನ್ನಡಿಯ ಮುಂದೆ ಕಲಿತ ದನಿಯಲ್ಲಿ, ಒಂದು ಗೀರೂ ಇಲ್ಲದ ಹಾಗೆ. ಕೆಳಗಿಳಿದಾಗ ಮೋದ್ ಅವಳ ಭುಜ ಹಿಡಿದು, ಸಬ್‌ಟೈಟಲ್ ಇದ್ದದ್ದೇ ಒಳ್ಳೇದಾಯ್ತು, ಪ್ಯಾರಿಸ್ಸಿನವರು ಪೂರ್ತಿ ಬರ್ಕೊಳ್ತಾ ಇದ್ರು ಅಂದಳು.

ಇಬ್ಬರೂ ಟ್ರಕ್ಕಿನವರೆಗೆ ನಡೆದರು. ಬಿಸಿಲು ಇನ್ನೂ ಇತ್ತು. ಅಪ್ಪ ಬಾಗಿಲು ತೆಗೆಯಲಿಲ್ಲ, ಕೀಲಿ ಕೈಯಲ್ಲಿ ಹಿಡಿದು ನಿಂತ.

"ಚಲೋ ಬರದಾರ," ಅಂದ. "ಕೆಳಗ ಬರದಿತ್ತಲ್ಲ, ಯಾರೋ ಕಲತಾವರು ಬರದದ್ದು. ನನಗ ಹಂಗ ಮಾತಾಡಾಕ ಬಂದಿದ್ರ ಚಲೋ ಇತ್ತು."

ಅವಳ ಕೈ ಮತ್ತೆ ಜೇಬಿನ ಡಬ್ಬಿಗೆ ಹೋಯಿತು.

"ಒಂದ ಕಡೆ ಬಿಟ್ಟಾರ ನೋಡ. ನಿಮ್ಮವ್ವನ ಮಾತು ಬಂದಾಗ. ನಾ ಮಾತಾಡಿದ್ದೆ, ಕೆಳಗ ಖಾಲಿ ಇತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವನ ಹಾಗೆ, ಅವರಿಗೆ ತಿಳಿಸಿದರೆ ಸರಿಮಾಡಿಯಾರು ಅನ್ನುವವನ ಹಾಗೆ ಹೇಳುತ್ತಿದ್ದ. "ಅವರಿಗೆ ಒಂದ ಮಾತ ಹೇಳ ಯವ್ವಾ. ಅದು ಒಂದ ಬರೀಲಿಲ್ಲ ಯಾಕ ಅಂತ."

ಸುಳ್ಳು ಹೇಳುವುದು ಸುಲಭವಿತ್ತು. ಹೇಳ್ತೇನಿ ಅಪ್ಪಾ ಅಂದಿದ್ದರೆ ಸಂಜೆಗೆ ಇಬ್ಬರೂ ಕೂತು ಉಳಿದ ಉಂಡೆ ತಿನ್ನುತ್ತಿದ್ದರು. ಬೆಳಗಿನಿಂದ ಮೈಯೊಳಗೆ ಸುತ್ತುತ್ತಿದ್ದ ಸಿಟ್ಟು, ಮೋದಳ ಮೇಲೆ, ಗಡ್ಡದವನ ಮೇಲೆ, ಫೋನು ತೆಗೆದವನ ಮೇಲೆ ಹಾರಿ ಹಾರಿ ಸುಸ್ತಾಗಿ, ಈಗ ಹೋಗಲು ಬೇರೆ ಮನೆ ಇಲ್ಲದೆ ಅವಳ ಮೇಲೆಯೇ ತಿರುಗಿತು. ಜೇಬಿನಿಂದ ಡಬ್ಬಿ ತೆಗೆದು ಟ್ರಕ್ಕಿನ ಮೂತಿಯ ಮೇಲೆ ಕುಕ್ಕಿದಳು.

"ಅವರಲ್ಲ ಅಪ್ಪ, ನಾನೇ ಬರೆದಿದ್ದು. ಎಲ್ಲವನ್ನೂ ನಾನೇ ತಿದ್ದಿದ್ದು. ಅಮ್ಮನ ಮಾತು ಬಿಟ್ಟಿದ್ದೂ ನಾನೇ. ಅಕ್ಷರ ಇಲ್ಲದ ಪ್ರತಿ ಇದರಲ್ಲಿದೆ, ಬೆಳಿಗ್ಗೆಯಿಂದ ನನ್ನ ಜೇಬಲ್ಲೇ ಇತ್ತು. ಟೈಮೂ ಇತ್ತು. ನಾನು ಕೊಡಲಿಲ್ಲ."

ಮಾತು ಮುಗಿದ ಮೇಲೆ ಅದು ಯಾವ ಮಾತು ಅನ್ನುವುದು ಅವಳಿಗೇ ಕೇಳಿಸಿತು. ಬೇಕರಿಯವಳ ಮಾತು, ಮೋದಳ ಮಾತು. ಒಂದೇ ಒಂದು ನಿಜ ಹೇಳುವಾಗಲೂ ನಾಲಗೆ ಊರಿಗೆ ಹೋಗಿರಲಿಲ್ಲ. ಅಪ್ಪನೂ ಅದನ್ನೇ ಕೇಳಿಸಿಕೊಳ್ಳುತ್ತಿದ್ದ ಅಂತ ಕಾಣುತ್ತದೆ, ಅವಳ ಕಣ್ಣು ಬಿಟ್ಟು ಬಾಯನ್ನೇ ನೋಡುತ್ತಿದ್ದ. ಆಮೇಲೆ ಟೋಪಿ ತಲೆಗೆ ಹಾಕಿಕೊಂಡು ಮತ್ತೆ ಏನೋ ನೆನಪಾದವನ ಹಾಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪರವಾಗಿಲ್ಲ, ತೊಂದರೆ ಇಲ್ಲ ಅಂದ. ಇಂಗ್ಲಿಷಿನಲ್ಲಿ. ಬಹಳ ವಿನಯದಿಂದ.

"ಅಪ್ಪಾ," ಅಂದಳು ಅವಳು.

ಅವನು ಡಬ್ಬಿಯನ್ನು ಎತ್ತಿ, ಒಡೆಯಬಾರದ ಸಾಮಾನು ಅನ್ನುವ ಹಾಗೆ ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಬ್ಯಾಗು ಅವಳ ಕೋಣೆಯಲ್ಲೇ ಇತ್ತು, ಪಾತ್ರೆಯೂ ಇತ್ತು. ಅದರ ಸುದ್ದಿ ಎತ್ತಲಿಲ್ಲ. ಟ್ರಕ್ಕು ಹತ್ತಿ ಕಿಟಕಿ ಇಳಿಸಿದ. ಒಳಗೆ ಗಡಿಯಾರ ಊರಿನ ಹೊತ್ತು ತೋರಿಸುತ್ತಿತ್ತು. ಪೂರ್ವದ ಹೆದ್ದಾರಿಗೆ ಯಾವ ಕಡೆಯಿಂದ ಹೋಗಬೇಕು, ದಯವಿಟ್ಟು ಹೇಳುತ್ತೀರಾ ಅಂತ, ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳುವ ಹಾಗೆ, ಅದೇ ಇಂಗ್ಲಿಷಿನಲ್ಲಿ ಕೇಳಿದ. ಅವಳು ಕೈ ಎತ್ತಿ ದಾರಿ ತೋರಿಸಿದಳು.